ಕುಗ್ಗಿದ ಬೊಕ್ಕಸ, ಕುಗ್ಗದ ಗುರಿ: ೧೭೯೨ರ ಅನಂತರದ ಮೈಸೂರಿನ ರಕ್ಷಣಾನೀತಿಯ ವಿಮರ್ಶೆ

ಶ್ರೀರಂಗಪಟ್ಟಣವು ೧೭೯೯ನೆಯ ಮೇ ೪ರಂದು ಇಂಗ್ಲಿಷರ ವಶವಾಯಿತು. ಇದಕ್ಕೆ ಕಾರಣವೇನೆಂಬ ಪ್ರಶ್ನೆಗೆ ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಮೀರ್ ಸಾದಿಕನ ದ್ರೋಹವೇ ಕಾರಣವೆಂಬುದು ಮೊದಲನೆಯದು. ೧೭೯೨ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಕಳೆದುಕೊಂಡ ಮೇಲೆ ಮೈಸೂರಿನ ಪತನವು ಅನಿವಾರ್ಯವಾಗಿತ್ತೆಂಬುದು ಎರಡನೆಯದು. ಈ ಎರಡು ಉತ್ತರಗಳಿಗೂ ಒಂದು ಸಮಾನ ದೋಷವಿದೆಯೆಂದು ನಮಗೆ ತೋರುತ್ತದೆ. ಹೇಗೆಂದರೆ, ಒಪ್ಪಂದಕ್ಕೂ ಪತನಕ್ಕೂ ನಡುವೆ ಏಳು ವರ್ಷಗಳ ಅವಕಾಶವಿತ್ತು. ಆ ಏಳು ವರ್ಷಗಳಲ್ಲಿ, ಕೈಯಲ್ಲಿ ಉಳಿದಿದ್ದ ಹಣದಿಂದ ರಾಜ್ಯರಕ್ಷಣೆಗೆ ಏನು ಮಾಡಲಾಯಿತು, ಏನನ್ನು ಬಿಡಲಾಯಿತು ಎಂಬ ವಿಚಾರವನ್ನು ಇವೆರಡೂ ಅನಾವಶ್ಯಕವನ್ನಾಗಿ ಮಾಡುತ್ತವೆ. ದ್ರೋಹದಿಂದಲೇ ಕೋಟೆ ಬಿದ್ದಿತೆಂದರೆ ನೀತಿಯ ವಿಚಾರಣೆ ಬೇಕಿಲ್ಲ. ವಿಧಿಯಿಂದ ಬಿದ್ದಿತೆಂದರೆ ಆಗಲೂ ಬೇಕಿಲ್ಲ.

ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಕರ್ನಲ್ ವಿಲ್ಕ್ಸನು ೧೮೧೦ರಿಂದ ೧೮೧೭ರ ವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಚರಿತ್ರೆಯು ಟಿಪ್ಪುವಿನ ಸ್ವಭಾವದೋಷಗಳ ಮೇಲೆ ಹೆಚ್ಚಿನ ಭಾರವನ್ನು ಹೊರಿಸಿತು. ೧೯೫೧ರಲ್ಲಿ ಹೊರಬಂದ ಮೊಹಿಬ್ಬುಲ್ ಹಸನ್ ಅವರ ಗ್ರಂಥವು ಆ ಚಿತ್ರವನ್ನು ಬಹುಮಟ್ಟಿಗೆ ತಿದ್ದಿತು. ಇಂದು ಟಿಪ್ಪುವಿನ ಹೆಸರನ್ನೆತ್ತಿದೊಡನೆ ಅವನ ಮತನೀತಿಯ ಚರ್ಚೆಯೇ ಮುಂದಾಗುತ್ತದೆ. ಆ ಚರ್ಚೆಗೆ ಅದರದೇ ಆದ ಸ್ಥಾನವಿದೆ. ಆದರೆ ಪ್ರಸ್ತುತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಬೇರೊಂದು ವಿಷಯ: ಬೊಕ್ಕಸವು ಕುಗ್ಗಿದಾಗ ರಾಜ್ಯವೊಂದು ತನ್ನ ರಕ್ಷಣೆಯನ್ನು ಹೇಗೆ ನಡೆಸಬೇಕು? ಹಾಸನದ ಸೀಮೆಯಲ್ಲಿ ಉಳಿದಿರುವ ಕೆಲವು ಕುರುಹುಗಳು ಈ ಪ್ರಶ್ನೆಯ ವಿಚಾರಣೆಗೆ ಸಹಾಯಕವಾಗಿವೆ.

ಮೊದಲು ಲೆಕ್ಕವನ್ನು ನೋಡೋಣ. ೧೭೯೨ನೆಯ ಮಾರ್ಚಿಯಲ್ಲಿ ಸ್ಥಿರಗೊಂಡ ಒಪ್ಪಂದದಂತೆ ಟಿಪ್ಪು ಸುಲ್ತಾನನು ೩ ಕೋಟಿ ೩೦ ಲಕ್ಷ ರೂಪಾಯಿಗಳನ್ನು ದಂಡವಾಗಿ ಕೊಡಬೇಕಾಯಿತು. ಅರ್ಧವನ್ನು ಕೂಡಲೇ, ಉಳಿದರ್ಧವನ್ನು ಒಂದು ವರ್ಷದೊಳಗೆ ಮೂರು ಕಂತುಗಳಲ್ಲಿ ತೆರಬೇಕಾಗಿತ್ತು. ಅದಕ್ಕೆ ಒತ್ತೆಯಾಗಿ ಹೋದ ಇಬ್ಬರು ರಾಜಕುಮಾರರು ೧೭೯೪ರಲ್ಲಿ ಹಿಂದಿರುಗಿದರು. ಇಂಗ್ಲಿಷರು, ನಿಜಾಮ, ಮರಾಠರು ಈ ಮೂವರಿಗೆ ಬಿಟ್ಟುಕೊಟ್ಟ ಸೀಮೆಗಳ ವಾರ್ಷಿಕ ಹುಟ್ಟುವಳಿಯನ್ನು ಒಟ್ಟು ಸುಮಾರು ೩೯½ ಲಕ್ಷ ವರಹವೆಂದು ಎಣಿಸಲಾಯಿತು. ಅಂದರೆ ರಾಜ್ಯದಲ್ಲಿ ಉಳಿದುದೂ ಹೆಚ್ಚುಕಡಿಮೆ ಅಷ್ಟೇ. ವರಹಕ್ಕೆ ಮೂರು ರೂಪಾಯಿಯಂತೆ ಲೆಕ್ಕಹಾಕಿದರೆ ದಂಡದ ಮೊತ್ತವು ೧ ಕೋಟಿ ೧೦ ಲಕ್ಷ ವರಹವಾಗುತ್ತದೆ. ಉಳಿದ ರಾಜ್ಯದ ಸುಮಾರು ಎರಡು ಮುಕ್ಕಾಲು ವರ್ಷದ ಪೂರ್ಣ ಹುಟ್ಟುವಳಿಯನ್ನು ಒಂದು ವರ್ಷದಲ್ಲಿ ಶತ್ರುಗಳಿಗೆ ಒಪ್ಪಿಸಬೇಕಾಯಿತೆಂದು ಇದರ ಅರ್ಥ. ವಿಲ್ಕ್ಸನ ಪ್ರಕಾರ ಈ ಮೊತ್ತದಲ್ಲಿ ೧ ಕೋಟಿ ೧೦ ಲಕ್ಷ ರೂಪಾಯಿಗಳನ್ನು ಮಾತ್ರ ಖಜಾನೆಯಿಂದ ಕೊಡಲು ನಿಶ್ಚಯಿಸಲಾಯಿತು. ೬೦ ಲಕ್ಷವನ್ನು ಸೈನ್ಯದಿಂದ ನಜರಾಣೆಯಾಗಿಯೂ, ಮಿಕ್ಕ ೧ ಕೋಟಿ ೬೦ ಲಕ್ಷವನ್ನು ಮುಲ್ಕಿ ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ ಎತ್ತಬೇಕೆಂದಾಯಿತು. ರಾಜ್ಯವನ್ನು ಕಾಯಬೇಕಾದ ಸೈನ್ಯವೇ ರಾಜ್ಯದ ಸಾಲಕ್ಕೆ ಪಾಲು ಕೊಡಬೇಕಾದ ಈ ಸ್ಥಿತಿಯು ಗಮನಾರ್ಹವಾದುದು.

ಹಣಕ್ಕಿಂತಲೂ ದೊಡ್ಡ ನಷ್ಟವು ಭೂಮಿಯ ಸ್ವರೂಪದಲ್ಲಿತ್ತು. ಬಾರಾಮಹಲು, ದಿಂಡಿಗಲ್ಲು, ಸೇಲಂ, ಮಲಬಾರು, ಕೊಡಗುಗಳು ಇಂಗ್ಲಿಷರ ಪಾಲಿಗೆ ಹೋದುವು. ಪೂರ್ವದ ಘಟ್ಟಗಳನ್ನು ಹತ್ತಿಬರುವ ಮಾರ್ಗಗಳು ಬಾರಾಮಹಲಿನಲ್ಲಿದ್ದರೆ, ಪಡುವಣ ಕರಾವಳಿಯಿಂದ ರಾಜಧಾನಿಗೆ ಬರುವ ಹತ್ತಿರದ ಹಾದಿ ಕೊಡಗಿನಲ್ಲಿತ್ತು. ಹಿಂದಿನ ಯುದ್ಧಗಳಲ್ಲಿ ಶತ್ರುವು ಘಟ್ಟದ ಕೆಳಗೆ ತಿಂಗಳುಗಟ್ಟಲೆ ಸೆಣಸಬೇಕಾಗಿತ್ತು. ಇನ್ನು ಮುಂದೆ ಅವನು ಘಟ್ಟದ ಮೇಲೆಯೇ ತನ್ನ ಸಾಮಗ್ರಿಯನ್ನು ಕೂಡಿಡಬಹುದಾಗಿತ್ತು. ಆದುದರಿಂದ ೧೭೯೨ರ ಅನಂತರ ಮೈಸೂರಿಗೆ ಬೇಕಾದ ರಕ್ಷಣೆಯ ಪ್ರಮಾಣವು ಹೆಚ್ಚಿತು, ಅದಕ್ಕೆ ದೊರೆಯುವ ಹಣವು ಅರ್ಧಕ್ಕಿಳಿಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹುಟ್ಟುವಳಿಯು ಕುಗ್ಗಿದೊಡನೆ ಸೈನ್ಯಬಲವೂ ಕುಗ್ಗಲೇಬೇಕೆ? ಕರ್ನಾಟಕದ ಎಲ್ಲ ಕಾಲದ ರಾಜ್ಯಗಳಿಗೂ ಇದು ಸಮನಾಗಿ ಅನ್ವಯಿಸುವುದಿಲ್ಲ. ಸೈನ್ಯದ ಖರ್ಚನ್ನು ರಾಜ್ಯವು ಯಾವ ರೂಪದಲ್ಲಿ ಹೊರುತ್ತದೆ ಎಂಬುದರ ಮೇಲೆ ಉತ್ತರವು ನಿಂತಿದೆ. ಇದನ್ನು ಸ್ಪಷ್ಟಪಡಿಸಲು ನಾವು ಆರು ಏಳು ಶತಮಾನಗಳಷ್ಟು ಹಿಂದಕ್ಕೆ, ಹೊಯ್ಸಳರ ಕಾಲಕ್ಕೆ ಹೋಗಬೇಕಾಗುತ್ತದೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಡಗಣ ಮಗ್ಗುಲಲ್ಲಿರುವ ಜಿನನಾಥಪುರವನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ನೆಲೆಗೊಳಿಸಿದನು. ಅಲ್ಲಿನ ಶಾಂತಿನಾಥ ಬಸದಿಯನ್ನು ಸುಮಾರು ೧೨೦೦ರಲ್ಲಿ ಕಟ್ಟಿಸಿದವನು ರೇಚರಸ. ಈತನೂ ದಂಡನಾಯಕನೇ. ಹೊರಗೋಡೆಯ ಶಿಲ್ಪಕ್ಕಾಗಿ ಈ ಬಸದಿಯನ್ನು ನೋಡಲು ಬರುವ ವಿದ್ಯಾರ್ಥಿಗಳು, ಒಂದೇ ಸಣ್ಣ ಊರಿನ ಹುಟ್ಟಿಗೂ ಕೀರ್ತಿಗೂ ಇಬ್ಬರು ಸೇನಾಪತಿಗಳು ಕಾರಣರಾದುದು ಹೇಗೆಂದು ಕೇಳುವುದು ಅಪೂರ್ವ. ತಲಕಾಡನ್ನು ಚೋಳರಿಂದ ಗೆದ್ದುಕೊಂಡ ಗಂಗರಾಜನಿಗೆ, ಕಣ್ಣೇಗಾಲದಲ್ಲಿ ಚಾಲುಕ್ಯ ಸೈನ್ಯವನ್ನು ಇರುಳಿನಲ್ಲಿ ಮುತ್ತಿ ಸೋಲಿಸಿದ ಬಳಿಕ, ಅರಸನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದನು. ಆತನು ಪರಮ ಎಂಬ ಊರನ್ನು ಬೇಡಿ ಪಡೆದು, ತನ್ನ ತಾಯಿಯೂ ಹೆಂಡತಿಯೂ ಮಾಡಿಸಿದ ಬಸದಿಗಳಿಗೆ ಬಿಟ್ಟನೆಂದು ಶಾಸನಗಳು ತಿಳಿಸುತ್ತವೆ. ನಾವು ಇದನ್ನು ಧರ್ಮಶ್ರದ್ಧೆಯ ದಾಖಲೆಯಾಗಿ ಓದುತ್ತೇವೆ. ಅದು ಸರಿಯಾದ ಓದೇ ಆದರೂ ಪೂರ್ಣವಾದ ಓದಲ್ಲ. ಯುದ್ಧಸೇವೆಯ ಪ್ರತಿಫಲವು ಅಂದು ಊರಿನ ರೂಪದಲ್ಲಿ ಸಲ್ಲುತ್ತಿತ್ತೆಂಬುದಕ್ಕೂ ಅದೇ ಶಾಸನವು ಸಾಕ್ಷಿ. ಕಾಳಗದಲ್ಲಿ ಮಡಿದ ಸಾಮಾನ್ಯ ವೀರನ ಮನೆಯವರಿಗೆ ನೆತ್ತರುಗೊಡಗೆಯಾಗಿ ಹೊಲಗದ್ದೆಗಳನ್ನು ಬಿಡುತ್ತಿದ್ದುದೂ ಈ ಪದ್ಧತಿಯ ಇನ್ನೊಂದು ಮುಖ. ಇದರಿಂದ ಅರಸನ ಬೊಕ್ಕಸಕ್ಕೆ ನಗದಿನ ಭಾರವು ಹಗುರವಾಗಿತ್ತು. ಒಂದು ವರ್ಷ ಕಂದಾಯವು ಕಡಿಮೆಯಾದರೆ ಸೈನ್ಯವು ಆ ವರ್ಷವೇ ಕರಗುತ್ತಿರಲಿಲ್ಲ.

ಆದರೆ ಈ ಪದ್ಧತಿಗೂ ಬೆಲೆಯಿತ್ತು. ಭೂಮಿಯೂ ಬಂಟರೂ ದಂಡನಾಯಕನ ಕೈಯಲ್ಲಿದ್ದರೆ ನಿಷ್ಠೆಯೂ ಅವನ ಕೈಯಲ್ಲಿಯೇ ಇರುತ್ತದೆ. ಜಿನನಾಥಪುರದ ಬಸದಿಯನ್ನು ಕಟ್ಟಿಸಿದ ರೇಚರಸನು ಮೊದಲು ಕಳಚುರ್ಯರ ಸೇವೆಯಲ್ಲಿದ್ದು, ಬಳಿಕ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದವನು. ಒಡೆಯನು ಬದಲಾದರೂ ದಂಡನಾಯಕನು ದಂಡನಾಯಕನಾಗಿಯೇ ಉಳಿದನು.

ಹೈದರ್ ಅಲಿಯೂ ಟಿಪ್ಪುವೂ ಇಂತಹ ವ್ಯವಸ್ಥೆಯಿಂದ ದೂರ ಸರಿದರು. ಪಾಳೆಯಗಾರರನ್ನು ಅಡಗಿಸಿ, ಕಂದಾಯವನ್ನು ನೇರವಾಗಿ ಖಜಾನೆಗೆ ತಂದು, ಸಿಪಾಯಿಗೆ ಖಜಾನೆಯಿಂದಲೇ ಸಂಬಳವನ್ನು ಕೊಡುವುದು ಅವರ ನೀತಿಯ ಮುಖ್ಯ ಸೂತ್ರವಾಗಿತ್ತು. ದಕ್ಷಿಣದ ಅರಸರಲ್ಲಿ ಇಂಗ್ಲಿಷರನ್ನು ಸರಿಸಮನಾಗಿ ಎದುರಿಸಬಲ್ಲ ಸೈನ್ಯವು ಮೈಸೂರಿಗೆ ದೊರೆತುದು ಈ ಸೂತ್ರದಿಂದಲೇ. ಆದರೆ ನಗದಿನಿಂದ ಬೆಳೆದ ಸೈನ್ಯವು ನಗದು ಕುಗ್ಗಿದಾಗ ಒಮ್ಮೆಲೇ ಕುಗ್ಗುತ್ತದೆ. ೧೭೯೨ರ ಒಪ್ಪಂದವು ಮೈಸೂರಿಗೆ ಅಷ್ಟು ಕಠಿನವಾಗಿ ತಟ್ಟಿದುದರ ರಹಸ್ಯವು ಇದರಲ್ಲಿದೆಯೆಂಬುದು ನಮ್ಮ ಮತ. ಟಿಪ್ಪುವಿಗೆ ಹಳೆಯ ದಾರಿ ತಿಳಿಯದಿರಲಿಲ್ಲ. ಬಲಂ ಸೀಮೆಯ ಕೃಷ್ಣಪ್ಪ ನಾಯಕನು ಯುದ್ಧದಲ್ಲಿ ಮರಾಠರನ್ನು ಸೇರಿ, ಶಾಂತಿಯಾದ ಮೇಲೆ ಅಂಜಿ ಕೊಡಗಿಗೆ ಓಡಿಹೋಗಿದ್ದನು. ಟಿಪ್ಪುವು ಅವನನ್ನು ಕರೆಸಿಕೊಂಡು ಐಗೂರು ಸೀಮೆಯ ಆಡಳಿತವನ್ನು ಕೊಟ್ಟನು. ಗಡಿಯ ಮಲೆನಾಡನ್ನು ಕಡಿಮೆ ಖರ್ಚಿನಲ್ಲಿ ಕಾಯುವ ಉಪಾಯವಿದು. ಆದರೆ ಇದು ಅಪವಾದವಾಗಿಯೇ ಉಳಿಯಿತು.

ಹಾಗಾದರೆ ಉಳಿದ ಹಣವನ್ನು ಯಾವುದಕ್ಕೆ ವಿನಿಯೋಗಿಸಲಾಯಿತು? ಕಣ್ಣಿಗೆ ಕಾಣುವ ಉತ್ತರವೆಂದರೆ ಕಲ್ಲು. ಸಕಲೇಶಪುರದ ಬಳಿ ೩,೨೪೦ ಅಡಿ ಎತ್ತರದ ಬೆಟ್ಟದ ಮೇಲೆ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿರುವ ಮಂಜರಾಬಾದು ಕೋಟೆಯು ಪೂರ್ಣಗೊಂಡುದು ೧೭೯೨ರಲ್ಲಿ, ಒಪ್ಪಂದದ ವರ್ಷದಲ್ಲಿಯೇ ಎಂದು ಹೇಳುತ್ತಾರೆ. ಮಲಬಾರು ಕೈಬಿಟ್ಟ ಮೇಲೆ ಮೈಸೂರಿಗೆ ಉಳಿದುದು ಕನ್ನಡ ಜಿಲ್ಲೆಯ ಕರಾವಳಿ ಮಾತ್ರ. ಮಂಗಳೂರಿನಿಂದ ಮೇಲಕ್ಕೆ ಬರುವ ಘಟ್ಟದ ಹಾದಿಯ ಮೇಲೆ ಕಣ್ಣಿಟ್ಟಿರುವ ಈ ಕೋಟೆಯನ್ನು ವ್ಯರ್ಥವೆನ್ನುವಂತಿಲ್ಲ. ಶ್ರೀರಂಗಪಟ್ಟಣದಲ್ಲಿಯೂ ಒಪ್ಪಂದದ ಅನಂತರ ಒಳಗಡೆ ಎರಡನೆಯ ಗೋಡೆಯನ್ನೂ ಕಂದಕವನ್ನೂ ನಿರ್ಮಿಸಲಾಯಿತು. ಸೈನಿಕನಿಗೆ ತಿಂಗಳು ತಿಂಗಳೂ ಸಂಬಳ ಬೇಕು, ಗೋಡೆಗೆ ಒಮ್ಮೆ ಖರ್ಚುಮಾಡಿದರೆ ಸಾಕು ಎಂಬ ತರ್ಕವು ಬಡತನದ ಕಾಲದಲ್ಲಿ ಯಾರಿಗೂ ಆಕರ್ಷಕವಾಗಿ ಕಾಣುವಂತಹದು.

ಈ ತರ್ಕವು ಎಷ್ಟು ದೃಢವಾದುದೆಂಬುದನ್ನು ಹಿಂದಿನ ಯುದ್ಧದ ಅನುಭವದಿಂದಲೇ ಪರೀಕ್ಷಿಸಬಹುದು. ೧೭೯೧ರಲ್ಲಿ ಬೆಂಗಳೂರು, ನಂದಿದುರ್ಗ, ಸಾವನದುರ್ಗಗಳು ಒಂದೊಂದಾಗಿ ಬಿದ್ದುವು. ಇವುಗಳ ಗೋಡೆಗಳು ಸಣ್ಣವೇನೂ ಆಗಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ರಾಜಧಾನಿಯ ಸಮೀಪಕ್ಕೆ ಬಂದು, ಅರಕೆರೆಯ ಬಳಿಯ ಕಾಳಗದಲ್ಲಿ ಮೇಲುಗೈ ಪಡೆದನು. ಆದರೂ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಅವನನ್ನು ಹಿಂದಟ್ಟಿದುದು ಮಳೆ, ಎತ್ತುಗಳ ಸಾವು, ದವಸಧಾನ್ಯಗಳ ಅಭಾವ, ಸುತ್ತಲಿನ ಪ್ರದೇಶದಲ್ಲಿ ಮೇವಿಲ್ಲದಂತೆ ಮಾಡಿದ ಮೈಸೂರಿನ ಹಗುರ ಕುದುರೆದಳ. ಮರಾಠರ ಸೈನ್ಯವೂ ಅದರೊಡನೆ ಬಂದ ಸಂತೆಯೂ ಆ ವೇಳೆಗೆ ಬಂದು ಸೇರದಿದ್ದರೆ ಅವನ ಸ್ಥಿತಿಯು ಇನ್ನೂ ಶೋಚನೀಯವಾಗುತ್ತಿತ್ತು. ಈ ಪ್ರಕರಣದಿಂದ ದೊರೆಯುವ ಪಾಠವು ಸ್ಪಷ್ಟವಾಗಿದೆ. ಮೈಸೂರಿನ ಅತ್ಯಂತ ಅಗ್ಗದ ಆಯುಧವೆಂದರೆ ಕಾಲ. ಕಾವೇರಿಯು ತುಂಬುವವರೆಗೆ ಶತ್ರುವನ್ನು ತಡೆದರೆ ಗೆದ್ದಂತೆ.

ಕಾಲವನ್ನು ಗಳಿಸಲು ಬೇಕಾದುದು ವೇಗ. ಅದಕ್ಕೆ ಬೇಕಾದ ಒಂದು ಸಾಧನವು ಮೈಸೂರಿಗೆ ಅಗ್ಗವಾಗಿಯೇ ಒದಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರನು ವಿಸ್ತರಿಸಿ, ಟಿಪ್ಪುವು ಅಮೃತಮಹಲೆಂದು ಹೆಸರಿಟ್ಟು ಹುಕುಂನಾಮೆಗಳಿಂದ ಕಟ್ಟುನಿಟ್ಟುಗೊಳಿಸಿದನು. ಇಂದಿಗೂ ಹಾಸನ ಜಿಲ್ಲೆಯ ರಾಯಸಂದ್ರ, ಹಬ್ಬನಘಟ್ಟ ಮೊದಲಾದ ಕಾವಲುಗಳ ಹೆಸರಿನೊಡನೆ ಆ ತಳಿಯ ಹೆಸರು ಸೇರಿಕೊಂಡಿದೆ. ಕಾವಲಿನ ಹುಲ್ಲಿನಲ್ಲಿ ಬೆಳೆದ ಈ ಎತ್ತುಗಳಿಗೆ ತಿಂಗಳ ಸಂಬಳವಿರಲಿಲ್ಲ; ತೋಪುಗಳನ್ನೆಳೆದು ಇವು ನಡೆಯುತ್ತಿದ್ದ ವೇಗವನ್ನು ಇಂಗ್ಲಿಷರೂ ಮೆಚ್ಚಿದರು. ಹೈದರನು ೧೭೮೧ರಲ್ಲಿ ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದನೆಂಬುದು ಪ್ರಸಿದ್ಧವಾದ ಮಾತು. ಆದರೆ ಎತ್ತು ತೋಪನ್ನು ಸಾಗಿಸಬಲ್ಲುದೇ ಹೊರತು ಶತ್ರುವಿನ ಮೇವಿಗೆ ಬೆಂಕಿಯಿಡಲಾರದು. ಅದಕ್ಕೆ ರಾವುತನು ಬೇಕು. ತಂದೆಯ ಕಾಲದಲ್ಲಿ ಕುದುರೆದಳಕ್ಕಿದ್ದ ಪ್ರಾಧಾನ್ಯವು ಮಗನ ಕಾಲದಲ್ಲಿ ಕುಗ್ಗಿ, ಕಾಲ್ದಳವೂ ಕೋಟೆಯೂ ಮುಂದೆ ಬಂದುವು.

೧೭೯೯ರ ಯುದ್ಧದ ಗತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಹ್ಯಾರಿಸನ ಸೈನ್ಯವು ಫೆಬ್ರವರಿ ೧೪ರಂದು ವೇಲೂರನ್ನು ಬಿಟ್ಟು ಬಾರಾಮಹಲಿನ ಮೂಲಕ ಮೇಲೇರಿತು. ಸ್ಟುವರ್ಟನ ಬೊಂಬಾಯಿ ಸೈನ್ಯವು ಕಣ್ಣಾನೂರಿನಿಂದ ಕೊಡಗಿನ ಮೂಲಕ ಬಂದಿತು. ಏಳು ವರ್ಷಗಳ ಹಿಂದೆ ಒಪ್ಪಂದದಲ್ಲಿ ಕಳೆದುಕೊಂಡ ಎರಡು ಬಾಗಿಲುಗಳಿಂದಲೇ ಶತ್ರುಗಳು ಒಳಹೊಕ್ಕರು. ಮಂಜರಾಬಾದಿನ ಕೋಟೆಯತ್ತ ಈ ಎರಡು ಸೈನ್ಯಗಳಲ್ಲಿ ಯಾವುದೂ ಸುಳಿಯಲಿಲ್ಲ. ಟಿಪ್ಪುವು ಆರಿಸಿದ ದಳಗಳೊಡನೆ ಮೊದಲು ಪಶ್ಚಿಮಕ್ಕೆ ಧಾವಿಸಿ, ಮಾರ್ಚಿ ೬ರಂದು ಸಿದ್ದೇಶ್ವರದಲ್ಲಿ ಹೊಡೆತ ತಿಂದನು. ಅಲ್ಲಿಂದ ಪೂರ್ವಕ್ಕೆ ತಿರುಗಿ ೨೭ರಂದು ಮಳವಳ್ಳಿಯಲ್ಲಿ ಸೋತನು. ಶತ್ರುವು ಬರುವನೆಂದು ಎಣಿಸಿದ ದಾರಿಯಲ್ಲಿ ಮೇವನ್ನು ಸುಡಿಸಿದುದೇನೋ ನಿಜ. ಹ್ಯಾರಿಸನು ದಾರಿಯನ್ನು ಬದಲಿಸಿ ಸೋಸಲೆಯಲ್ಲಿ ಕಾವೇರಿಯನ್ನು ದಾಟಿದನು. ಏಪ್ರಿಲ್ ೫ರಂದು ರಾಜಧಾನಿಯ ಮುಂದೆ ಬೀಡುಬಿಟ್ಟ ಈ ಸೈನ್ಯದಲ್ಲಿ ಅದೇ ತಿಂಗಳ ನಡುವೆ ಲೆಕ್ಕ ನೋಡಿದಾಗ, ಕಾದಾಡುವ ಜನಕ್ಕೆ ಅರ್ಧ ಪಡಿಯಂತೆ ಕೊಟ್ಟರೂ ಹದಿನೆಂಟು ದಿನಗಳಿಗೆ ಮಾತ್ರ ಸಾಲುವಷ್ಟು ಅಕ್ಕಿ ಉಳಿದಿತ್ತು. ಈ ಅಂಕಿಯನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ಇನ್ನೊಂದು ತಿಂಗಳ ವಿಳಂಬವಾಗಿದ್ದರೆ ೧೭೯೧ರ ಪ್ರಕರಣವೇ ಮರುಕಳಿಸುವ ಸಂಭವವು ದೂರವಾಗಿರಲಿಲ್ಲ. ಆದುದರಿಂದ ಪತನವು ಅನಿವಾರ್ಯವಾಗಿತ್ತೆಂಬ ಮತವನ್ನು ನಾವು ಒಪ್ಪಲಾರೆವು.

ಇನ್ನು ದ್ರೋಹದ ಮಾತು. ಸಂಬಳ ಹಂಚುವ ನೆಪದಿಂದ ಮೀರ್ ಸಾದಿಕನು ಗೋಡೆಯೊಡೆದ ಸ್ಥಳದಿಂದ ಸಿಪಾಯಿಗಳನ್ನು ಸರಿಸಿದನೆಂದು ಐತಿಹ್ಯವಿದೆ. ಇದನ್ನು ಸಂಪೂರ್ಣವಾಗಿ ನಿಜವೆಂದೇ ಇಟ್ಟುಕೊಳ್ಳೋಣ. ಆಗಲೂ ವಿಚಾರಿಸಬೇಕಾದ ಅಂಶವೊಂದಿದೆ: ಮುತ್ತಿಗೆಯ ಅತ್ಯಂತ ಸಂಕಟದ ಹೊತ್ತಿನಲ್ಲಿ ಸಂಬಳವೆಂಬ ನೆಪವು ಸಿಪಾಯಿಗಳನ್ನು ಕರೆಯಲು ಸಾಕಾಯಿತೆಂದು ಜನ ನಂಬಿದುದೇಕೆ? ನಗದಿನ ಸೈನ್ಯದ ಬಲಹೀನತೆ ಎಲ್ಲಿದೆಯೆಂಬುದು ಕಥೆ ಕಟ್ಟಿದವರಿಗೂ ತಿಳಿದಿತ್ತು. ದ್ರೋಹಿಯು ಆ ದಿನ ಬಾಗಿಲನ್ನು ತೆರೆದಿರಬಹುದು. ಶತ್ರುವು ತೋಪುಗಳೊಡನೆ, ಮಳೆಗಾಲಕ್ಕೆ ಮೊದಲು, ಬಾಗಿಲಿನವರೆಗೆ ಬಂದುದನ್ನು ದ್ರೋಹವು ವಿವರಿಸಲಾರದು.

ನಮ್ಮ ವಾದಕ್ಕೆ ಪ್ರಬಲವಾದ ಒಂದು ಆಕ್ಷೇಪಣೆಯುಂಟು. ಕುದುರೆಯು ದುಬಾರಿಯಾದ ಪ್ರಾಣಿ. ಬಡವಾದ ರಾಜ್ಯವು ಅದನ್ನು ಕಡಿಮೆ ಮಾಡಿದುದು ಸಹಜವಲ್ಲವೆ? ಮಾತು ಸರಿ. ಆದರೆ ಮಿತವ್ಯಯವನ್ನು ಪರೀಕ್ಷಿಸುವಾಗ ವ್ಯಯವನ್ನು ಮಾತ್ರವಲ್ಲದೆ ಗುರಿಯನ್ನೂ ನೋಡಬೇಕು. ಕಳೆದುಕೊಂಡುದನ್ನೆಲ್ಲ ಮರಳಿ ಪಡೆಯಬೇಕು, ಇಂಗ್ಲಿಷರನ್ನು ದೇಶದಿಂದಲೇ ಹೊರಡಿಸಬೇಕು ಎಂಬ ಗುರಿಯು ಪೂರ್ಣ ರಾಜ್ಯವಿದ್ದಾಗಲೇ ಕಷ್ಟಸಾಧ್ಯವಾಗಿತ್ತು. ಅರ್ಧ ರಾಜ್ಯದ ಮೇಲೆಯೂ ಅದೇ ಗುರಿಯನ್ನು ಹೊರಿಸಲಾಯಿತು. ಹಣದ ಕೊರತೆಯನ್ನು ರಾಯಭಾರದಿಂದ ತುಂಬಿಕೊಳ್ಳುವ ಪ್ರಯತ್ನವೂ ನಡೆಯಿತು. ಮಾರಿಷಸಿಗೆ ಹೋದ ರಾಯಭಾರಿಗಳ ಉದ್ದೇಶವನ್ನು ಅಲ್ಲಿನ ಗೌರ್ನರ್ ಮಲಾರ್ತಿಕನು ೧೭೯೮ನೆಯ ಜನವರಿಯಲ್ಲಿ ಬಹಿರಂಗವಾಗಿ ಸಾರಿಬಿಟ್ಟನು. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ ಮಾತ್ರ. ಆದರೆ ಆ ಸಾರಿಕೆಯು ವೆಲ್ಲೆಸ್ಲಿಗೆ ಯುದ್ಧದ ಕಾರಣವನ್ನು ಒದಗಿಸಿತು. ಸಪ್ಟೆಂಬರಿನಲ್ಲಿ ನಿಜಾಮನು ಇಂಗ್ಲಿಷರ ಸಹಾಯಕ ಸೈನ್ಯದ ಒಪ್ಪಂದಕ್ಕೆ ಒಳಗಾದನು. ಮೈಸೂರಿಗೆ ಬೇಕಾಗಿದ್ದುದು ಇನ್ನೂ ಕೆಲವು ವರ್ಷಗಳ ಮೌನ. ದೊರೆತುದು ನೂರು ಜನರ ಸಹಾಯದೊಡನೆ ಒಂದು ಮಹಾಯುದ್ಧ.

ಇಂಗ್ಲಿಷರನ್ನು ನಂಬಿ ಸುಮ್ಮನಿದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದು ಇದರಿಂದ ಯಾರೂ ಭಾವಿಸಬಾರದು. ರಕ್ಷಣೆಯ ಭಾರವನ್ನು ಇತರರಿಗೆ ವಹಿಸಿದರೆ ಏನಾಗುತ್ತದೆಂಬುದನ್ನು ಮುಂದಿನ ಚರಿತ್ರೆಯೇ ತೋರಿಸಿದೆ. ೧೭೯೯ನೆಯ ಜುಲೈ ೮ರ ಒಪ್ಪಂದದಂತೆ ಪುನಃಸ್ಥಾಪಿತವಾದ ಮೈಸೂರು ಸಂಸ್ಥಾನವು ವರ್ಷಕ್ಕೆ ೭ ಲಕ್ಷ ನಕ್ಷತ್ರ ವರಹಗಳ ಪೊಗದಿಯನ್ನು ಕೊಡಬೇಕಾಯಿತು. ೧೮೦೭ರಿಂದ ೪,೦೦೦ ಕುದುರೆಯ ಸವಾರರನ್ನೂ ಇಟ್ಟಿರಬೇಕಾಯಿತು. ಪೊಗದಿಗೆ ಕುಂದುಂಟಾಗುವ ಸಂಭವವಿದ್ದರೆ ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕನ್ನು ಕಂಪನಿಯು ಆ ಒಪ್ಪಂದದಲ್ಲಿಯೇ ಕಾದಿರಿಸಿಕೊಂಡಿತ್ತು. ೧೮೩೧ರಲ್ಲಿ ಆಡಳಿತವು ಕಮಿಷನರರ ಕೈಗೆ ಹೋಗಿ, ೧೮೮೧ರವರೆಗೆ ಅಲ್ಲಿಯೇ ಉಳಿಯಿತು. ಹೀಗೆ ಭೂಮಿಯನ್ನು ಕೊಟ್ಟು ಸೈನ್ಯವನ್ನು ಪೋಷಿಸಿದರೆ ನಿಷ್ಠೆ ಹಂಚಿಹೋಗುತ್ತದೆ. ನಗದಿನಿಂದ ಪೋಷಿಸಿದರೆ ಬೊಕ್ಕಸದ ಏರಿಳಿತಕ್ಕೆ ಅಧೀನವಾಗಬೇಕಾಗುತ್ತದೆ. ರಕ್ಷಣೆಯನ್ನೇ ಕೊಂಡುಕೊಂಡರೆ ಕೊಟ್ಟವನೇ ಒಡೆಯನಾಗುತ್ತಾನೆ. ಖರ್ಚಿಲ್ಲದ ರಕ್ಷಣೆಯೆಂಬುದಿಲ್ಲ. ಯಾವ ಬಗೆಯ ಖರ್ಚನ್ನು ತಾಳಬಹುದೆಂಬ ತೀರ್ಮಾನವೇ ರಾಜನೀತಿ.

ಸಾಧನಕ್ಕೆ ಮೀರಿದ ಗುರಿಯ ಅಪಾಯವು ಹಳೆಯ ಅರಸೊತ್ತಿಗೆಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ೧೯೬೧ರ ಕೊನೆಯಿಂದ ಹಿಮಾಲಯದ ಗಡಿಯಲ್ಲಿ ಭಾರತವು ಮುಂದೊತ್ತಿ ಠಾಣೆಗಳನ್ನು ಸ್ಥಾಪಿಸುತ್ತ ಹೋಯಿತು. ಅವುಗಳಲ್ಲಿ ಅನೇಕಕ್ಕೆ ರಸ್ತೆಗಳಿಲ್ಲದೆ ವಿಮಾನದಿಂದ ಸಾಮಗ್ರಿಯನ್ನು ಇಳಿಸಬೇಕಾಗಿತ್ತು. ೧೯೬೨ರ ಅಕ್ಟೋಬರಿನಲ್ಲಿ ಅದರ ಪರಿಣಾಮವು ಕಂಡಿತು. ಅಂದಿನ ಚರ್ಚೆಯಲ್ಲಿಯೂ ವ್ಯಕ್ತಿಗಳ ಮೇಲೆ ಹೊರಿಸಿದ ದೋಷವು ಹೆಚ್ಚು. ಗುರಿಗೂ ಸಾಧನಕ್ಕೂ ಇರಬೇಕಾದ ಪ್ರಮಾಣದ ವಿಚಾರವು ಕಡಿಮೆ.

ಆದಕಾರಣ ಶ್ರೀರಂಗಪಟ್ಟಣದ ಪತನವನ್ನು ಬೋಧಿಸುವಾಗ ಅಧ್ಯಾಪಕರು ಮೀರ್ ಸಾದಿಕನ ಕಥೆಯೊಡನೆ ಒಪ್ಪಂದದ ಲೆಕ್ಕವನ್ನೂ, ಹ್ಯಾರಿಸನ ಹದಿನೆಂಟು ದಿನದ ಅಕ್ಕಿಯನ್ನೂ ತರಗತಿಯ ಮುಂದಿಡಬೇಕೆಂದು ನಾವು ಸೂಚಿಸುತ್ತೇವೆ. ಹಾಸನದ ಕಡೆಯ ವಿದ್ಯಾರ್ಥಿಗಳಿಗೆ ಇದಕ್ಕೆ ಬೇಕಾದ ಸಾಮಗ್ರಿಯು ಸುತ್ತಮುತ್ತಲೇ ಇದೆ. ಜಿನನಾಥಪುರದ ಬಸದಿ, ಹಳ್ಳಿಹಳ್ಳಿಯ ವೀರಗಲ್ಲುಗಳು, ಅಮೃತಮಹಲಿನ ಕಾವಲುಗಳು, ಮಂಜರಾಬಾದಿನ ಕೋಟೆ ಇವುಗಳನ್ನು ಶಿಲ್ಪ, ಧರ್ಮ, ಪಶುಪಾಲನೆ, ಪ್ರವಾಸ ಎಂದು ಬೇರೆ ಬೇರೆಯಾಗಿ ನೋಡುವ ಅಭ್ಯಾಸವನ್ನು ಬಿಟ್ಟು, ಈ ನಾಡು ತನ್ನ ರಕ್ಷಣೆಗೆ ಯಾವ ಯಾವ ಕಾಲದಲ್ಲಿ ಯಾವ ಯಾವ ರೂಪದಲ್ಲಿ ಬೆಲೆ ತೆತ್ತಿತೆಂಬುದರ ದಾಖಲೆಗಳೆಂದು ಒಟ್ಟಿಗೆ ಓದಿದರೆ, ಸಂಶೋಧನೆಗೆ ಹೊಸ ಕ್ಷೇತ್ರವೊಂದು ತೆರೆಯುವುದರಲ್ಲಿ ಸಂದೇಹವಿಲ್ಲ.